ಅಧ್ಯಕ್ಷರ ವಾಕ್ಯದೊಳಗಿನ ಕೆಮ್ಮು

ಈ ಬರಹದಲ್ಲಿರುವ ಸಂಗತಿಗಳು ಮಾಘ ಮಾಸದ ಮೊದಲ ವಾರದಿಂದ ಹೋಳಿ ಹುಣ್ಣಿಮೆಯ ಬೆಳಗಿನವರೆಗಿನ ಅವಧಿಯಲ್ಲಿ ನಡೆದವು. ನಡೆದ ಕ್ರಮ ಹೀಗಿದೆ: ಮೊದಲು ನಗರಾಧ್ಯಕ್ಷರು ಒಂದು ವಾಕ್ಯ ನುಡಿದರು, ಅನಂತರ ಊರು ಅದನ್ನು ಪುನರುಚ್ಚರಿಸಿತು, ಊರಿನ ಬಾಯಲ್ಲಿ ಅದು ಅಧ್ಯಕ್ಷರ ದನಿಯಲ್ಲಿ ಬರಲಿಲ್ಲ, ಅದು ಯಾರ ದನಿಯೆಂದು ಪತ್ತೆಮಾಡುವ ಕೆಲಸ ನನಗೆ ಬಂತು, ಪತ್ತೆಯಾಯಿತು. ನಾನು ಇದೇ ಕ್ರಮದಲ್ಲಿ ಬರೆಯುತ್ತೇನೆ. ಹಿಂದುಮುಂದು ಮಾಡಿದರೆ ನನಗೆ ಅನುಕೂಲವಾಗುವಂತೆ ಬರೆದುಬಿಡುವ ಅಪಾಯವಿದೆ.

ನಮ್ಮ ಊರಿನಲ್ಲಿ, ಇನ್ನೊಬ್ಬರದೆಂದು ತಿಳಿದು ಒಂದು ಮಾತನ್ನು ಪದ ತಪ್ಪದೆ ಹೇಳಿದರೆ, ಅದನ್ನು ಮೊದಲು ನುಡಿದವರ ದನಿಯಲ್ಲೇ ಅದು ಹೊರಬರುತ್ತದೆ. ಒಂದು ಪದ ಆಚೀಚೆಯಾದರೂ ಹೇಳಿದವರ ಸ್ವಂತ ದನಿಯೇ ಉಳಿಯುತ್ತದೆ. ನುಡಿದಾಗ ಇದ್ದ ನೆಗಡಿ, ಏದುಸಿರು, ಬಾಯಲ್ಲಿದ್ದ ಎಲೆಯಡಿಕೆ, ಎಲ್ಲವೂ ಮಾತಿನ ಜೊತೆಗೇ ಬರುತ್ತವೆ. ಇದರಿಂದ ಬದುಕು ಕೆಲವು ವಿಷಯಗಳಲ್ಲಿ ಸುಲಭವಾಗಿದೆ, ಕೆಲವು ವಿಷಯಗಳಲ್ಲಿ ಕಷ್ಟವಾಗಿದೆ. ತಾನು ಹಾಗೆ ಹೇಳಲೇ ಇಲ್ಲವೆಂದು ಯಾರೂ ಜಾರಿಕೊಳ್ಳಲಾರರು. ಸೊಸೆಯೊಬ್ಬಳು ತವರಿಗೆ ಹೋಗಿ ಅತ್ತೆಯ ಮಾತಿಗೆ ಸ್ವಲ್ಪ ಖಾರ ಬೆರೆಸಿದರೆ ಅವಳದೇ ದನಿ ಬಂದುಬಿಡುತ್ತದೆ, ಕೇಳುತ್ತಿರುವ ತಾಯಿಯೇ ನಕ್ಕುಬಿಡುತ್ತಾಳೆ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಮಕ್ಕಳ ಗಂಟಲಿನಿಂದ ಸತ್ತು ಎಷ್ಟೋ ಕಾಲವಾದ ಗಂಡಸರ ದನಿ ಬಂದರೆ ಮಾತ್ರ ಮೇಷ್ಟರು ಪೂರ್ತಿ ಅಂಕ ಕೊಡುತ್ತಾರೆ.

ಬೆಳಗ್ಗೆ ದೇವರ ದೀಪ ಹಚ್ಚಿದ ಮೇಲೆ ಆ ಮನೆಯ ಸತ್ತವರ ಮಾತೊಂದನ್ನು ಹೇಳುವ ರೂಢಿ ಎಲ್ಲ ಮನೆಗಳಲ್ಲೂ ಇದೆ. ಮನುಷ್ಯಸ್ವಭಾವದ ಬಗ್ಗೆ ನನಗೆ ತಿಳಿದಿರುವುದರಲ್ಲಿ ಬಹುಪಾಲನ್ನು ಆ ಹೊತ್ತಿನಲ್ಲಿ ಬೀದಿಯಲ್ಲಿ ನಡೆಯುತ್ತಾ ಕಲಿತೆ. ಹಿರಿಯರು ಮಾಡಿದ ಉಪದೇಶವನ್ನು ಎಲ್ಲರೂ ಮೆಚ್ಚುತ್ತಾರೆ, ಆದರೆ ಅದು ಯಾರಿಗೂ ಪದಶಃ ನೆನಪಿರುವುದಿಲ್ಲ. ಬೈದದ್ದು ಪದಶಃ ನೆನಪಿರುತ್ತದೆ. ಆದ್ದರಿಂದ ನಮ್ಮ ಊರಿನ ಸತ್ತವರು ಬಹುತೇಕ ಬೈಯುತ್ತಲೇ ಇರುತ್ತಾರೆ. ಎದುರುಮನೆಯಲ್ಲಿ ತೀರಿಹೋದ ಅಜ್ಜ ದಿನವೂ, ಚಪ್ಪಲಿ ಇಲ್ಲಿ ಬಿಟ್ಟವರು ಯಾರು, ಕಣ್ಣಿಲ್ಲವೇ ಎಂದು ಗದರುತ್ತಾರೆ. ಮೊಮ್ಮಕ್ಕಳು ಭಕ್ತಿಯಿಂದ ಕೈಮುಗಿಯುತ್ತಾರೆ.

ನಮ್ಮ ಮನೆಯಲ್ಲಿ ಆ ಹೊತ್ತು ಮೌನ. ನನ್ನ ಅಮ್ಮ ಕಾತ್ಯಾಯಿನಿ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು. ದೂರದ ಊರಿನಿಂದ ಮದುವೆಯಾಗಿ ಬಂದವಳು, ಬಂದ ಸ್ವಲ್ಪ ಕಾಲದಲ್ಲೇ ಮಂಚ ಹಿಡಿದವಳು. ಅವಳ ದನಿ ಕೇಳಿದವರು ಊರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಾನು ಚಿಕ್ಕವಳಿದ್ದಾಗ ಅಪ್ಪ ದೀಪದ ಮುಂದೆ ಕುಳಿತು ಅವಳ ಮಾತುಗಳನ್ನು ಹೇಳಲು ಪ್ರಯತ್ನಿಸುತ್ತಿದ್ದರು. ಪ್ರತಿ ಸಲವೂ ಅಪ್ಪನದೇ ದನಿ ಬರುತ್ತಿತ್ತು. ಕಾರಣ ನನಗೆ ಬಹಳ ತಡವಾಗಿ ಹೊಳೆಯಿತು. ಅಪ್ಪ ಅಚ್ಯುತರಾಯರ ವೃತ್ತಿಯೇ ವಾಕ್ಯ ತಿದ್ದುವುದು. ಹೆಂಡತಿಯ ಮಾತನ್ನೂ ಅವರು ನೆನಪಿನಲ್ಲಿ ತಿದ್ದಿಬಿಡುತ್ತಿದ್ದರು. ತಿದ್ದಿದ ಮಾತು ಸೊಗಸಾಗಿರುತ್ತಿತ್ತು, ಅವಳದಾಗಿರುತ್ತಿರಲಿಲ್ಲ. ನಾನು ಹೈಸ್ಕೂಲು ಸೇರುವ ಹೊತ್ತಿಗೆ ಅವರು ಪ್ರಯತ್ನವನ್ನೇ ಬಿಟ್ಟರು.

ಅಪ್ಪ ನಗರಾಧ್ಯಕ್ಷರಿಗೆ ಭಾಷಣ ಬರೆಯುತ್ತಾರೆ. ಈ ಕೆಲಸದವರನ್ನು ನಮ್ಮಲ್ಲಿ ನೀರು ಹಿಡಿಯುವವರು ಎನ್ನುತ್ತಾರೆ. ಊರಿನ ರಾಜಕೀಯ ನಿಂತಿರುವುದು ಜನ ತಿರುಗಿ ಹೇಳುವ ವಾಕ್ಯಗಳ ಮೇಲೆ. ಮೈದಾನದಲ್ಲಿ ನಾಯಕರು ಒಂದು ಮಾತು ಹೇಳುತ್ತಾರೆ, ಜನ ಅದನ್ನು ಹೇಳುತ್ತಾರೆ, ನೆರೆದ ಅಷ್ಟೂ ಬಾಯಿಗಳಿಂದ, ಬಾಣಂತಿಯರ ಮತ್ತು ಮಕ್ಕಳ ಬಾಯಿಗಳಿಂದಲೂ, ಒಬ್ಬನೇ ಗಂಡಸಿನ ದನಿ ಏಳುತ್ತದೆ. ಅದು ನಾಯಕರದೇ ದನಿಯಾಗಿರಬೇಕು. ಬರೆಯುವವನು ಅಪ್ಪಿತಪ್ಪಿ ವಾಕ್ಯವನ್ನು ಗಟ್ಟಿಯಾಗಿ ಓದಿಕೊಂಡರೆ ಅದು ಅವನದಾಗಿಬಿಡುತ್ತದೆ. ಆದ್ದರಿಂದ ಬಾಯಿ ತುಂಬ ನೀರು ಹಿಡಿದು ಬರೆಯುತ್ತಾರೆ. ಮುಗಿದ ಮೇಲೆ ಬೋಗುಣಿಗೆ ಉಗುಳುತ್ತಾರೆ. ನೀರು ನುಂಗುವುದು ವೃತ್ತಿಗೆ ಅವಮಾನ. ನಾಯಕರು ಆ ಹಾಳೆಯನ್ನು ಮನಸ್ಸಿನಲ್ಲೇ ಓದಿ, ಅದು ತಮ್ಮದೇ ಎಂಬ ನಂಬಿಕೆ ಬಂದ ಮೇಲೆ ವೇದಿಕೆ ಹತ್ತುತ್ತಾರೆ. ಆ ನಂಬಿಕೆ ಬರಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಮಾಘದ ಮೊದಲ ವಾರ, ಸಂಜೆ, ಅಧ್ಯಕ್ಷ ಮಲ್ಲಿನಾಥಯ್ಯನವರ ಸಭೆ ನಡೆಯಿತು. ಅವರು ಒಳ್ಳೆಯ ಭಾಷಣಕಾರರು. ಅಪ್ಪ ಅವರಿಗೆ ಪುಸ್ತಕದ ಭಾಷೆಯಲ್ಲಿ ಬರೆಯದೆ ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯುತ್ತಿದ್ದದ್ದು ಅದಕ್ಕೆ ಒಂದು ಕಾರಣ. ಭಾಷಣದ ಕೊನೆಯಲ್ಲಿ ಅವರು ಎರಡೂ ಕೈ ಎತ್ತಿ, ತಮ್ಮ ತುಂಬು ಕಂಠದಲ್ಲಿ ಈ ವಾಕ್ಯ ನುಡಿದರು: "ನಿಮ್ಮ ದೀಪ ಆರೋ ತನಕ ನನ್ನ ಕಣ್ಣು ಮುಚ್ಚೋದಿಲ್ಲ."

ಜನರಿಗೆ ಇಷ್ಟವಾಯಿತು. ಊರಿನ ಮನೆಗಳಿಗೆಲ್ಲ ಒಬ್ಬ ಕಾವಲುಗಾರ ಸಿಕ್ಕಂತೆ ಅನ್ನಿಸುವ ಮಾತು ಅದು. ಮೈದಾನ ಉಸಿರು ತುಂಬಿಕೊಂಡು ಒಟ್ಟಾಗಿ ಅದನ್ನು ಹೇಳಿತು. ಆಗ ಬಂದದ್ದು ಒಬ್ಬ ಹೆಂಗಸಿನ ದನಿ. ಸಣ್ಣ, ಸೋತ, ಮಲಗಿಕೊಂಡು ಆಡಿದ ದನಿ. ಮೀಸೆ ಹೊತ್ತ ಪೊಲೀಸರ ಬಾಯಿಂದ, ಜವಳಿ ಅಂಗಡಿಯವರ ಬಾಯಿಂದ, ಹೆಗಲ ಮೇಲಿದ್ದ ಕೂಸುಗಳ ಬಾಯಿಂದ ಅದೇ ದನಿ. "ನಿಮ್ಮ ದೀಪ ಆರೋ ತನಕ" ಎಂದ ಮೇಲೆ ಇಡೀ ಮೈದಾನ ಒಮ್ಮೆ ಕೆಮ್ಮಿತು, ಎಲ್ಲರ ಎಡಗೈಯೂ ಪಕ್ಕೆಗೆ ಹೋಯಿತು, ಆಮೇಲೆ ಉಳಿದ ಪದಗಳು ಬಂದವು. ಹೇಳಿ ಮುಗಿಸಿದವರು ಒಬ್ಬರನ್ನೊಬ್ಬರು ನೋಡಲಿಲ್ಲ. ಅಧ್ಯಕ್ಷರ ಕೈಗಳು ಎತ್ತಿದಲ್ಲೇ ಇದ್ದವು.

ನಾಚಿಕೆಯಿಂದ ಜನ ಆ ವಾಕ್ಯವನ್ನು ಬಿಟ್ಟುಬಿಡುತ್ತಾರೆಂದು ನಾನು ಊಹಿಸಿದ್ದೆ. ನನ್ನ ಊಹೆ ತಪ್ಪಾಯಿತು. ಮರುದಿನದಿಂದ ಅದು ಊರೆಲ್ಲ ಕೇಳಿಸಿತು. ನಲ್ಲಿಯ ಬಳಿ ಕೊಡ ತುಂಬುವವರು ಹೇಳಿ, ಕೆಮ್ಮಿ, ಸುಮ್ಮನಾಗುತ್ತಿದ್ದರು. ಬೇಕರಿಯವನು ಒಲೆಯ ಮುಂದೆ ನಿಂತು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಧ್ಯಕ್ಷರ ಬಾಯಲ್ಲಿ ಆ ವಾಕ್ಯದ ಅರ್ಥ ಒಂದಾಗಿದ್ದರೆ, ಆ ದನಿಯಲ್ಲಿ ಕೇಳಿದವರಿಗೆ ಬೇರೊಂದು ತಿಳಿಯುತ್ತಿತ್ತು: ಯಾರೋ ಕಾಯಿಲೆಯವಳು ಬೆಳಕಿನಿಂದಾಗಿ ನಿದ್ದೆಯಿಲ್ಲದೆ ಮಲಗಿದ್ದಾಳೆ. ಯಾರೂ ಯಾರಿಗೂ ಹೇಳದೆ, ವಾರ ಕಳೆಯುವುದರೊಳಗೆ, ಊರಿನವರು ಬೇಗ ದೀಪ ಆರಿಸತೊಡಗಿದರು. ದೀಪ ಹಚ್ಚುವ ಹೊತ್ತಿಗೇ ಬೀದಿಗಳು ಕಪ್ಪಾಗುತ್ತಿದ್ದವು. ಅಂಗಡಿಯವರು ಕತ್ತಲಲ್ಲಿ ತಡಕಾಡಿ ಸಾಮಾನು ಕೊಡುತ್ತಿದ್ದರು. ಕೇಳಿದರೆ, ಪಾಪ ಅವಳು ಮಲಗಲಿ ಎನ್ನುತ್ತಿದ್ದರು. ಅವಳು ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ನಾನು ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ನಗರಸಭೆಯ ಧ್ವನಿ ಪರಿಶೀಲನಾ ಕೊಠಡಿಯಲ್ಲಿ ಪರಿಶೀಲಕಿಯಾಗಿದ್ದೇನೆ. ಮರಣಕಾಲದ ಮಾತು, ಮದುವೆಯ ಮಾತುಕತೆ, ಆಸ್ತಿಯ ಮಾತು ಇವು ಯಾರ ದನಿಯಲ್ಲಿ ಬರುತ್ತವೆಂದು ಕೇಳಿ ಬರೆದುಕೊಡುವುದು ನನ್ನ ಕೆಲಸ. ಅಧ್ಯಕ್ಷರು ನನ್ನನ್ನು ಕರೆಸಿದರು. ಅವರ ಮುಖ ನಿದ್ದೆಗೆಟ್ಟಂತಿತ್ತು, ಆದರೆ ಹಾಸ್ಯಪ್ರಜ್ಞೆ ಕೆಟ್ಟಿರಲಿಲ್ಲ.

"ಕೂತ್ಕೊಳಮ್ಮ," ಎಂದರು. "ಸಭೆಯಾದಾಗಿನಿಂದ ನಮ್ಮನೆಯವಳು ನನ್ನ ಹತ್ತಿರ ಮಾತು ಬಿಟ್ಟಿದಾಳೆ. ಯಾರವಳು ಅಂತಾಳೆ. ಗೊತ್ತಿಲ್ಲ ಕಣೇ ಅಂದ್ರೆ, ಗೊತ್ತಿಲ್ದೆ ಅವಳ ಮಾತು ನಿಮ್ಮ ಬಾಯಿಗೆ ಹೇಗೆ ಬಂತು ಅಂತಾಳೆ. ಈಗ ನೀನೇ ಹೇಳು, ಏನನ್ನಲಿ?"

ಅವರು ಅಪ್ಪನನ್ನು ಆಗಲೇ ವಿಚಾರಿಸಿದ್ದರಂತೆ. ಅಪ್ಪ ಬಾಯಲ್ಲಿ ನೀರು ಹಿಡಿದೇ ಬರೆದದ್ದೆಂದು ಪ್ರಮಾಣ ಮಾಡಿದ್ದರು. ದನಿ ಅಪ್ಪನದಲ್ಲವೆಂಬುದು ಯಾರಿಗಾದರೂ ಗೊತ್ತಾಗುತ್ತಿತ್ತು. ಇಂಥ ಸಂದರ್ಭಕ್ಕೆ ಊರಿನ ಕಾಯಿದೆ ಸ್ಪಷ್ಟವಾಗಿದೆ. ವಾಕ್ಯದ ಒಡೆಯರು ಇಂಥವರೆಂದು ಪತ್ತೆಯಾಗಿ, ಅದನ್ನು ಅವರು ಊರಿಗಾಗಿ ಹೇಳಿದ್ದಲ್ಲವೆಂದು ಖಚಿತವಾದರೆ, ಆ ವಾಕ್ಯವನ್ನು ಚೌಕದಲ್ಲಿ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದು ಯಾರ ಬಾಯಲ್ಲೂ ಶಬ್ದವಾಗುವುದಿಲ್ಲ. ನಮ್ಮಲ್ಲಿ ಹಾಗೆ ಕಟ್ಟಿದ ಕೆಲವು ಹಳೆಯ ವಾಕ್ಯಗಳಿವೆ. ಮಕ್ಕಳು ಪಂಥ ಕಟ್ಟಿ ಅವನ್ನು ಹೇಳಲು ನೋಡುತ್ತಾರೆ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಏನೂ ಕೇಳಿಸುವುದಿಲ್ಲ. ಒಡೆಯರು ಪತ್ತೆಯಾಗದಿದ್ದರೆ ವಾಕ್ಯ ಸಭೆಯಲ್ಲಿ ನುಡಿದವರ ಸ್ವತ್ತಾಗುತ್ತದೆ. ಹೋಳಿ ಹುಣ್ಣಿಮೆಯ ಬೆಳಗ್ಗೆ ನನ್ನ ವರದಿಯನ್ನು ಚೌಕದಲ್ಲಿ ಓದಬೇಕೆಂದು ತೀರ್ಮಾನವಾಯಿತು.

ಪರಿಶೀಲನಾ ಕೊಠಡಿಯ ಗೋಡೆಗಳಿಗೆ ದಪ್ಪ ಕಂಬಳಿ ಹೊದಿಸಿದೆ. ಹೊರಗಿನ ಸದ್ದು ಬರುವುದಿಲ್ಲ, ಒಳಗಿನದು ಮರುದನಿಸುವುದಿಲ್ಲ. ಕೆಲಸ ಆರಂಭಿಸುವ ಮುನ್ನ ನಾನು ನನ್ನ ಕಾಲೇಜಿನ ಪ್ರಾಧ್ಯಾಪಕರ ಒಂದು ಮಾತನ್ನು ಹೇಳಿಕೊಳ್ಳುತ್ತೇನೆ: "ಅಳೆಯುವಾಗ ಕೈ ನಡುಗಿದರೆ, ಆ ನಡುಕವನ್ನೂ ಅಳೆದು ಬರೆಯಿರಿ." ಅವರ ಒಡಕು ಕಂಠ ನನ್ನ ಗಂಟಲಿನಿಂದ ಬರುತ್ತದೆ, ಧೈರ್ಯವಾಗುತ್ತದೆ. ನನಗೆ ತುಂಬ ಪ್ರಿಯವಾದ ಮಾತು ಅದೊಂದೇ. ಅನಂತರ ಆ ಅಪರಿಚಿತಳ ವಾಕ್ಯವನ್ನು ಹೇಳಿದೆ, ಶ್ರುತಿಕವೆಗಳನ್ನು ಮೀಟಿ ಸ್ಥಾಯಿ ಗುರುತಿಸಿದೆ, ಮತ್ತೆ ಹೇಳಿದೆ. ಹಲವು ದಿನಗಳ ಕೆಲಸದಿಂದ ಇಷ್ಟು ತಿಳಿಯಿತು: ಹೆಂಗಸು, ವಯಸ್ಸು ಹೆಚ್ಚಲ್ಲ, ಹೆಚ್ಚೆಂದರೆ ನನ್ನಷ್ಟು, ಎಡಮಗ್ಗುಲಿಗೆ ಮಲಗಿದ್ದಾಳೆ, ಕೆನ್ನೆ ದಿಂಬಿಗೆ ಒತ್ತಿರುವುದರಿಂದ ತುಟಿಯ ಒಂದು ಬದಿ ಸರಿಯಾಗಿ ಆಡುವುದಿಲ್ಲ, ಶ್ವಾಸಕೋಶದ ಕಾಯಿಲೆ, ಕೋಪವಿಲ್ಲ, ಅವಳು ಮಾತಾಡುತ್ತಿರುವ ವ್ಯಕ್ತಿ ಒಬ್ಬನೇ, ಬಹಳ ಹತ್ತಿರದಲ್ಲಿದ್ದಾನೆ, ಮತ್ತು ಬೆನ್ನು ತಿರುಗಿಸಿದ್ದಾನೆ. ಈ ಕೊನೆಯದನ್ನು ಹೇಗೆ ಗುರುತಿಸಿದೆನೆಂದು ಯಾರಾದರೂ ಕೇಳಬಹುದು. ಎದುರಿಗೆ ಮುಖ ಕಾಣುತ್ತಿರುವವರ ಜೊತೆ ಮಾತಾಡುವಾಗ ಉತ್ತರ ಸಿಗುತ್ತಿದೆಯೇ ಎಂದು ನೋಡಲು ವಾಕ್ಯದ ಕೊನೆ ಸ್ವಲ್ಪ ಮೇಲೇಳುತ್ತದೆ. ಅವಳ ವಾಕ್ಯದ ಕೊನೆ ಏಳುವುದಿಲ್ಲ.

ಒಡೆಯರಿದ್ದರೆ ಬನ್ನಿ ಎಂದು ಡಂಗುರ ಸಾರಿಸಿದ್ದರಿಂದ ಜನ ಬರತೊಡಗಿದರು. ತಂಗಿಯನ್ನು, ಹೆಂಡತಿಯನ್ನು, ಮಗಳನ್ನು ಕಳೆದುಕೊಂಡವರು. ನಿಯಮದಂತೆ ಅವರು ತಮ್ಮವಳ ಇನ್ನೊಂದು ಮಾತನ್ನು ಪದಶಃ ಹೇಳಬೇಕು; ನಾನು ಎರಡೂ ದನಿಗಳನ್ನು ಹೋಲಿಸುತ್ತೇನೆ. ಒಂದೂ ಹೊಂದಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಹುಸೇನಸಾಬರು ತೀರಿಹೋದ ತಂಗಿಯ ಮಾತು ಹೇಳಿದಾಗ ಗಟ್ಟಿಮುಟ್ಟಾದ, ನಗು ತುಂಬಿದ ದನಿ ಬಂತು. ಹೋಲಿಕೆಯ ಪ್ರಶ್ನೆಯೇ ಇರಲಿಲ್ಲ. ನೀಲಿ ಹಿಡಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ಕುಳಿತೇ ಇದ್ದರು.

"ಅಲ್ಲ ಅಂತ ನನಗೂ ಗೊತ್ತಿತ್ತು, ಮೇಡಂ," ಎಂದರು. "ಆದರೆ ಯಾರ ಮನೆಯವಳೋ ಆಗಿರಬೇಕಲ್ಲ. ಇಷ್ಟು ದಿನ ಕರೆದು ಒಬ್ಬರೂ ಬರಲಿಲ್ಲ ಅಂದರೆ ಆಕೆಗೆ ಹೇಗನ್ನಿಸುತ್ತೆ? ಅದಕ್ಕೇ ಬಂದೆ."

ಫಾಲ್ಗುಣ ಹುಟ್ಟಿದ ಮೇಲೆ ಅಧ್ಯಕ್ಷರು ಇನ್ನೊಮ್ಮೆ ಕರೆಸಿದರು. ಈ ಸಲ ಅವರು ಚೆನ್ನಾಗಿ ನಿದ್ದೆ ಮಾಡಿದ್ದರು. ವಾಕ್ಯ ತಮ್ಮ ದನಿಯಲ್ಲಿ ಬಂದಿದ್ದರೆ ಇಷ್ಟು ಹರಡುತ್ತಿರಲಿಲ್ಲವೆಂಬುದು ಅವರಿಗೆ ಅರ್ಥವಾಗಿತ್ತು. ಜನ ಕತ್ತಲಲ್ಲಿ ಕೂರುವುದು ಮಾತ್ರ ಪಕ್ಷಕ್ಕೆ ಶೋಭೆಯಲ್ಲ. ಆಶ್ವಾಸನೆ ಕೊಟ್ಟದ್ದು ದೀಪ ಉರಿಯಲಿ ಎಂದು. ಆದ್ದರಿಂದ ಹುಣ್ಣಿಮೆಯ ದಿನ ದೀಪಜಾಗರಣೆ ಎಂದು ಘೋಷಿಸಿದ್ದರು. ಊರಿನ ಎಲ್ಲ ದೀಪಗಳೂ ಸಂಜೆಯಿಂದ ಬೆಳಗಿನವರೆಗೆ ಉರಿಯಬೇಕು, ಗಂಟೆಗೊಮ್ಮೆ ಎಲ್ಲರೂ ಬಾಗಿಲಿಗೆ ಬಂದು ಆ ವಾಕ್ಯ ಹೇಳಬೇಕು. ಅಂದಿನಿಂದಲೇ 'ದೀಪದ ಹುಡುಗರು' ಎಂಬ ಕಾರ್ಯಕರ್ತರು ಸಂಜೆ ಮನೆಮನೆಗೂ ಹೋಗಿ, ಕಪ್ಪಾದ ಕಿಟಕಿ ಕಂಡರೆ ಬಾಗಿಲು ತಟ್ಟತೊಡಗಿದರು. ಜನ ತಕರಾರು ಮಾಡಲಿಲ್ಲ. ಕಾಯಿಲೆಯವಳ ಮೇಲಿನ ಕನಿಕರ ನಿಜವಾಗಿತ್ತು, ಆದರೆ ಅದು ಬಾಗಿಲು ತಟ್ಟುವವರೆಗೆ ಮಾತ್ರ ಬಾಳಿತು. ಮನುಷ್ಯಸ್ವಭಾವದ ಬಗ್ಗೆ ನಾನು ಕಲಿತ ಎರಡನೆಯ ಸಂಗತಿ ಇದು.

ಅಧ್ಯಕ್ಷರು ನನ್ನನ್ನು ಒತ್ತಾಯಿಸಲಿಲ್ಲ. "ಸಿಗದೇ ಇರೋದನ್ನ ಸಿಗಲಿಲ್ಲ ಅಂತ ಬರೆದರೆ ತಪ್ಪೇನಿಲ್ಲಮ್ಮ," ಎಂದಷ್ಟೇ ಹೇಳಿ, ಮನೆಯವರ ಮುನಿಸು ಕರಗಿದ್ದನ್ನೂ ತಿಳಿಸಿದರು. ಆ ದಿನಕ್ಕೆ ಅವರ ಮಾತು ನನಗೂ ಸರಿಯಾಗಿಯೇ ಕಂಡಿತು. ನಿಜವಾಗಿಯೂ ಸಿಕ್ಕಿರಲಿಲ್ಲ.

ಪದ್ದತ್ತೆ ಅಪ್ಪನ ಅಕ್ಕ. ಕೆರೆಯ ಬದಿಯ ಬೀದಿಯಲ್ಲಿ ಒಂಟಿಯಾಗಿದ್ದಾರೆ. ಗಂಡ ಸತ್ತ ವರ್ಷ ಜ್ವರ ಬಂದು ಅವರ ಕಿವಿ ಪೂರ್ತಿ ಹೋಯಿತು. ತುಟಿ ನೋಡಿ ಮಾತು ತಿಳಿಯುತ್ತಾರೆ, ತಾವು ಮಾತ್ರ ಇಡೀ ಬೀದಿಗೆ ಕೇಳುವಂತೆ ಆಡುತ್ತಾರೆ. ಹುಣ್ಣಿಮೆಗೆ ಮುಂಚಿನ ಭಾನುವಾರ ನಾನು ಹೋದಾಗ ಹೆಸರುಬೇಳೆ ಹುರಿಯುತ್ತಿದ್ದರು. ನನ್ನನ್ನು ಕಂಡೊಡನೆ ಶುರುಮಾಡಿದರು.

"ಬಂದ್ಯಾ, ದೊಡ್ಡ ಆಫೀಸರು! ಮದುವೆ ಮಾಡ್ಕೊಳೇ ಅಂದ್ರೆ ಊರವರ ಗಂಟಲು ನೋಡ್ಕೊಂಡು ಕೂತಿದೀಯ. ಅದೇನೇ ಅದು? ಹಾಲಿನವಳು ಬಂದು ಬಾಯಿ ಬಾಯಿ ಬಿಟ್ಟಳು, ಕೆಮ್ಮಿದಳು, ಹೋದಳು. ನನಗೆ ಒಂದೂ ತಿಳೀಲಿಲ್ಲ. ಇರೋರೆಲ್ಲ ಕ್ಷಯ ಹಿಡಿಸ್ಕೊಂಡ್ರೋ ಹೇಗೆ?"

ನಾನು ಅವರ ಎದುರಿಗೆ ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ವಾಕ್ಯ ಹೇಳಿದೆ. ದನಿ ಅವರಿಗೆ ಕೇಳಿಸುತ್ತಿರಲಿಲ್ಲ. ಕೆಮ್ಮು ಬಂದಾಗ ಎಂದಿನಂತೆ ಎಡಪಕ್ಕೆಯಲ್ಲಿ ಚಳುಕು ಹೊಡೆಯಿತು. ನನ್ನ ಎರಡು ಬೆರಳು ಅಲ್ಲಿಗೆ ಹೋಯಿತು, ಕತ್ತು ಆ ಕಡೆಗೇ ವಾಲಿತು. ಅತ್ತೆಯ ಸೌಟು ಬಾಣಲೆಯಲ್ಲಿ ನಿಂತಿತು. ಬೇಳೆ ಸೀಯುವ ವಾಸನೆ ಬರುವವರೆಗೆ ಅವರು ಅಲ್ಲಾಡಲಿಲ್ಲ.

"ಹಾಗೆ ಮಾಡ್ಬೇಡ," ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಕಾತಿ ಹಾಗೇ ಮಾಡ್ತಿದ್ಳು. ಎರಡೇ ಬೆರಳು. ಬೇರೆಯವರ ಮುಖದಲ್ಲಾದ್ರೆ ತಿಳೀತಿರ್ಲಿಲ್ಲ, ನಿನ್ನ ಮುಖದಲ್ಲಿ... ಯಾರೇ ಹೇಳ್ಕೊಟ್ರು ನಿನಗೆ?"

ಕಾತಿ ಎಂದರೆ ಕಾತ್ಯಾಯಿನಿ, ನನ್ನ ಅಮ್ಮ. ಮನೆಗೆ ಬರುವ ದಾರಿಯಲ್ಲಿ ನಾನು ವಾದವನ್ನು ಎರಡು ಸಲ ಪರೀಕ್ಷಿಸಿದೆ. ಕಿವಿ ಕೇಳದವರೊಬ್ಬರು ಕಂಡ ಅಂಗಚೇಷ್ಟೆ ಧ್ವನಿಗೆ ಸಾಕ್ಷಿಯಾಗದು. ಇನ್ನೊಂದು ಸಾಕ್ಷಿ ಬೇಕು, ಅದು ಇರುವುದು ಒಬ್ಬರ ಹತ್ತಿರ. ಅವರು ಆ ದನಿಯನ್ನು ಮೈದಾನದಲ್ಲಿ ಕೇಳಿದ್ದರು. ಅಂದಿನಿಂದ ಮನೆಯಲ್ಲಿ ನಾನಿರುವ ಹೊತ್ತಿನಲ್ಲೆಲ್ಲ ಅವರ ಬಾಯಲ್ಲಿ ನೀರಿರುತ್ತಿತ್ತು. ಜಾಗರಣೆಯ ಭಾಷಣ ಬರೆಯುತ್ತಿದ್ದಾರೆಂದು ನಾನು ಭಾವಿಸಿದ್ದೆ.

ಅಪ್ಪನ ಕೋಣೆಗೆ ಕಿಟಕಿಯಿಲ್ಲ. ಮಧ್ಯಾಹ್ನವೂ ಮೇಜಿನ ದೀಪ ಉರಿಯುತ್ತಿತ್ತು. ಕೆನ್ನೆ ಉಬ್ಬಿಸಿಕೊಂಡು ಕುಳಿತಿದ್ದರು. ಮುಂದಿದ್ದ ಹಾಳೆ ಖಾಲಿ. ಪದ್ದತ್ತೆ ಗುರುತು ಹಿಡಿದದ್ದನ್ನು ಹೇಳಿದೆ. ಅವರು ಬೋಗುಣಿಯತ್ತ ನೋಡಿದರು. ಅದು ಕಾಲಬುಡದಲ್ಲೇ ಇತ್ತು. ಬಾಗಲಿಲ್ಲ. ಬಾಯಲ್ಲಿದ್ದ ನೀರನ್ನು ಕಷ್ಟಪಟ್ಟು, ಎರಡು ಮೂರು ಗುಟುಕಾಗಿ ನುಂಗಿದರು.

"ಅದು ನನ್ನದೇ ಅಂದ್ಕೊಂಡಿದ್ದೆ ಮಗು," ಎಂದರು. "ಎಷ್ಟು ಸಲೀಸಾಗಿ ಬಂತು ಗೊತ್ತಾ? ಒಂದು ಪದ ತಿದ್ದಲಿಲ್ಲ. ಇಷ್ಟು ವರ್ಷದಲ್ಲಿ ಹಾಗೆ ಬಂದದ್ದು ಅದೊಂದೇ ವಾಕ್ಯ."

ಉಳಿದದ್ದನ್ನು ತುಂಡುತುಂಡಾಗಿ ಹೇಳಿದರು. ಮಲ್ಲಿನಾಥಯ್ಯನವರ ಮೊದಲ ಚುನಾವಣೆಯ ಕಾಲ. ಆಗ ಮನೆಗೆ ಇದ್ದದ್ದು ಒಂದೇ ಕೋಣೆ. ಮಂಚವೂ ಮೇಜೂ ಅದರಲ್ಲೇ. ಅವಳ ಕಡೆ ಬೆನ್ನು ಮಾಡಿ ಕುಳಿತರೆ ಬೆಳಕು ಅವಳ ಕಣ್ಣಿಗೆ ಬೀಳುವುದಿಲ್ಲವೆಂದು ಅವರು ಎಣಿಸಿದ್ದರು. ಅವಳು ಹೇಳಿದ್ದು ಒಂದು ಸಲವೋ ಎಷ್ಟೋ ಸಲವೋ ಅವರಿಗೆ ನೆನಪಿರಲಿಲ್ಲ. ಹೇಳಿದ್ದೇ ಮರೆತುಹೋಗಿತ್ತು. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಆಮೇಲೆ ಅವಳೂ ಇರಲಿಲ್ಲ. ಅಂದು ಅವಳಿಗೆ ಏನುತ್ತರ ಕೊಟ್ಟಿರಿ ಎಂದು ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಸಿಗಲಿಲ್ಲ ಅಂತ ಬರಿ. ಬರೆದರೆ ಕಟ್ಟಿಬಿಡ್ತಾರೆ. ನನ್ನ ಕೆಲಸ ಹೋದರೆ ಹೋಗಲಿ, ಅದಲ್ಲ. ದೀಪದ ಮುಂದೆ ಎಷ್ಟು ವರ್ಷ ಕೂತೆ, ಒಂದೇ ಒಂದು ಪದ ಅವಳಾಗಿ ಬರಲಿಲ್ಲ. ಆವತ್ತು ಮೈದಾನದ ಹಿಂದೆ ನಿಂತಿದ್ದೆ. ಊರಿಗೆ ಊರೇ ಅವಳಾಗಿ ಎದ್ದುಬಿಡ್ತು. ನೀನು ಅವಳನ್ನ ಕೇಳಿದ್ದು ಇದೊಂದೇ ಸಲ. ಕಟ್ಟಿಸಬೇಡ."

ಅಪ್ಪನ ವಾದದಲ್ಲಿ ತಪ್ಪಿರಲಿಲ್ಲ. ಆದರೆ ಪರಿಶೀಲನೆ ಪೂರ್ತಿಯಾಗಿರಲಿಲ್ಲ. ಆ ವಾಕ್ಯವನ್ನು ಒಮ್ಮೆ ಹೇಳಿ, ಅಧ್ಯಕ್ಷರದೆಂದಾಗಲಿ ನಿಮ್ಮದೆಂದಾಗಲಿ ಅಲ್ಲ, ಅವಳದೆಂದು ತಿಳಿದು ಹೇಳಿ ಎಂದು ಕೇಳಿಕೊಂಡೆ. ಅವರು ಗೋಡೆಯತ್ತ ತಿರುಗಿ ಹೇಳಿದರು. ಅಮ್ಮನ ದನಿ ಅಪ್ಪನ ನರೆತ ಗಡ್ಡದ ನಡುವಿನಿಂದ ಬಂತು. ಕೆಮ್ಮು ಬಂತು. ಎರಡು ಬೆರಳು ಪಕ್ಕೆಗೆ ಹೋಯಿತು. ವಾಕ್ಯ ಮುಗಿದು, ಇನ್ನು ಏನೂ ಇಲ್ಲವೆಂದು ನಾನು ಏಳುವಷ್ಟರಲ್ಲಿ ಅಪ್ಪ ಮತ್ತೆ ಮಾತಾಡಿದರು. ಈ ಸಲ ಅದು ಗಂಡಸಿನ ದನಿ, ಅಪ್ಪನದೇ, ಆದರೆ ಅದರಲ್ಲಿ ಮುಪ್ಪಿರಲಿಲ್ಲ. ನಾನು ಹುಟ್ಟುವುದಕ್ಕೆ ಮುಂಚಿನಿಂದ ಹಾಗೇ ಉಳಿದಿದ್ದ ದನಿ.

"ಇನ್ನೊಂದೇ ಪುಟ ಕಣೇ, ಮುಗೀತು."

ಯಾರು ಮಾತಾಡಿದರೆಂಬಂತೆ ಅಪ್ಪ ಸುತ್ತ ನೋಡಿದರು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅದು ಬೆನ್ನು ತಿರುಗಿಸಿಕೊಂಡೇ ಆಡಿದ ಮಾತು. ಅದರ ಕೊನೆಯೂ ಏಳುವುದಿಲ್ಲ.

ಅನಂತರದ ದಿನಗಳಲ್ಲಿ ನಾನು ಕಂಬಳಿಯ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಆ ವಾಕ್ಯವನ್ನು ಹೇಳಿದೆ. ಪರಿಶೀಲನೆಗೆ ಅದರ ಅಗತ್ಯವಿರಲಿಲ್ಲ. ಬೇರೆಯವರಿಗೆ ಇರುವಂಥದ್ದು ನನಗೂ ಇರಲಿ ಎಂದು ಹೇಳಿದೆ. ದೀಪದ ಮುಂದೆ ಬೆಳಗ್ಗೆ ಹೇಳಲು ನಮ್ಮ ಮನೆಗೂ ಈಗ ಒಂದು ಮಾತಿತ್ತು. ಹೇಳಿದಷ್ಟೂ ಇನ್ನೊಮ್ಮೆ ಕೇಳಬೇಕೆನಿಸುತ್ತಿತ್ತು; ಇನ್ನೊಮ್ಮೆ ಹೇಳಿದಾಗ ಅವಳು ಇನ್ನೊಮ್ಮೆ ಕೆಮ್ಮುತ್ತಿದ್ದಳು. ಅವಳ ದನಿ ಬೇಕೆಂದರೆ ಅವಳ ಕೆಮ್ಮು ಬೇಕು. ಬಳಲಿಕೆ ಇಲ್ಲದ ಅಮ್ಮ ಯಾವ ಪದದಲ್ಲೂ ಉಳಿದಿರಲಿಲ್ಲ. ನನ್ನ ಪಕ್ಕೆ ಮುಟ್ಟಲಾರದಷ್ಟು ನೋಯತೊಡಗಿದ ಮೇಲೆ ನಿಲ್ಲಿಸಿದೆ, ಮತ್ತು ನಿಲ್ಲಿಸಿದ ಕಾರಣವನ್ನು ಗಮನಿಸಿದೆ: ನೋವು ನನಗಾದದ್ದರಿಂದ.

ಹುಣ್ಣಿಮೆಯ ಹಿಂದಿನ ಸಂಜೆ ಹೊರಗೆ ಬಂದಾಗ ದೀಪದ ಹುಡುಗರು ಜಾಗರಣೆಯ ಅಭ್ಯಾಸ ಮಾಡಿಸುತ್ತಿದ್ದರು. ಬೀದಿಯ ಉದ್ದಕ್ಕೂ ಎಲ್ಲ ಕಿಟಕಿಗಳೂ ಬೆಳಗುತ್ತಿದ್ದವು, ನೆರಳು ಬೀಳಲು ಜಾಗವಿರಲಿಲ್ಲ. ಒಬ್ಬ ಹುಡುಗ ಗಂಟೆ ಬಾರಿಸಿದ. ಬಾಗಿಲುಗಳಲ್ಲಿ ನಿಂತವರೆಲ್ಲ ಬಾಯಿ ತೆರೆದರು. ಅಮ್ಮ ಬೀದಿಯ ಎರಡೂ ಬದಿಯಿಂದ ತನ್ನ ಮಾತನ್ನು ಹೇಳಿದಳು, ಕೆಮ್ಮಿದಳು, ಮುಗಿಸಿದಳು. ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಎಂದ ಹುಡುಗ. ಅವಳು ಇನ್ನೊಂದು ಸಲ ಹೇಳಿದಳು. ಹುಸೇನಸಾಬರು ಮಾತ್ರ ತಮ್ಮ ಬಾಗಿಲಲ್ಲಿ ನೀಲಿ ಕೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಮನೆಗೆ ಹೋಗಿ ಅಪ್ಪನಿಗೆ, ನಾನು ಏನು ಬರೆಯುತ್ತೇನೆಂದು ಹೇಳಿದೆ. ಬರೆದ ಮೇಲೆ ನನಗೆ ಕೊಡು, ಪದ ತಪ್ಪಿದ್ದರೆ ನೋಡುತ್ತೇನೆ ಎಂದರು. ಕೊಟ್ಟೆ. ಪೆನ್ನು ಹಿಡಿದು ಮೊದಲಿಂದ ಕೊನೆಯವರೆಗೆ ಓದಿದರು, ಏನನ್ನೂ ತಿದ್ದದೆ ಹಿಂದಿರುಗಿಸಿದರು. ಹುಣ್ಣಿಮೆಯ ಬೆಳಗ್ಗೆ, ಅಧ್ಯಕ್ಷರ ಮತ್ತು ನೆರೆದ ಜನರ ಎದುರು, ನಾನು ಅದನ್ನು ಚೌಕದಲ್ಲಿ ನನ್ನ ಸ್ವಂತ ದನಿಯಲ್ಲಿ ಓದಿದೆ.

ಪರಿಶೀಲನೆಯಿಂದ ಕಂಡುಬಂದದ್ದು: ಈ ವಾಕ್ಯವನ್ನು ಮೊದಲು ನುಡಿದವರು ಅಚ್ಯುತರಾಯರ ಪತ್ನಿ ಮತ್ತು ಪರಿಶೀಲಕಿಯ ತಾಯಿ, ದಿವಂಗತ ಕಾತ್ಯಾಯಿನಿ. ದೀಪ ಆರಿಸಿರೆಂದು ಅವರು ತಮ್ಮ ಪತಿಯೊಬ್ಬರಲ್ಲೇ ಮಾಡಿಕೊಂಡ ಕೋರಿಕೆ ಇದು. ಕೋರಿಕೆ ಇಂದಿನವರೆಗೆ ಈಡೇರಿಲ್ಲ.